ವರ್ಜಾನೆಯ ಕೊನೆಯ ಬಸ್ಸು

ಮೆಹರ್ ತಿಂಗಳು ೩, ಶನಿವಾರ

ಬೆಳಿಗ್ಗೆ ರಕ್ತದೊತ್ತಡ ಹದಿಮೂರು–ಎಂಟು (ಯಂತ್ರದಲ್ಲಿ ೧೩೦–೮೦), ನಾಡಿ ಎಪ್ಪತ್ತಾರು. ಸಂಜೆ ಹದಿಮೂರೂವರೆ–ಎಂಟು, ನಾಡಿ ಎಂಬತ್ತು.

ಡಾಕ್ಟರು ಈ ನೋಟುಪುಸ್ತಕ ಕೊಟ್ಟಿದ್ದು ಇಷ್ಟನ್ನು ಬರೆದಿಡಲಿಕ್ಕೆ ಮಾತ್ರ. ಆದರೆ ಒಂದು ಪುಟಕ್ಕೆ ಎರಡೇ ಸಾಲು ಬರೆದು ಉಳಿದದ್ದನ್ನು ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ. ಅರ್ಧ ಬಸ್ಸು ಖಾಲಿ ಓಡಿಸಿದ ಹಾಗಾಗುತ್ತದೆ.

ಇಪ್ಪತ್ತೆಂಟು ವರ್ಷ ಇಸ್ಫಹಾನ್–ಮಶ್ಹದ್ ಬಸ್ಸು ಓಡಿಸಿದವನು ನಾನು. ಬೇಸಿಗೆಯಲ್ಲಿ ಎದೆ ಹಿಡಿದುಕೊಂಡಿತು, ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದರು, ಬಸ್ಸು ಬೇಡ ಅಂದರು. ಊರೊಳಗೆ ಸ್ವಂತ ಕಾರು ಓಡಿಸಬಹುದಂತೆ, ಹಗಲಲ್ಲಿ, ನಿಧಾನವಾಗಿ. ನಮ್ಮ ಪೇಕಾನ್ ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿದೆ. ನಾನು ಕೀಲಿಕೈ ಮುಟ್ಟಿಲ್ಲ. ಬೀದಿಯ ತುದಿಯ ರೊಟ್ಟಿ ಅಂಗಡಿಯವರೆಗೆ ಹೋಗಿ ಬಂದರೆ ಸಾಕು, ಎದೆಯ ಮೇಲೆ ಕೈ ಇಟ್ಟು ನೋಡಿಕೊಳ್ಳುತ್ತೇನೆ.

ಈ ಹೊತ್ತಲ್ಲೇ ನನ್ನ ಹೆಂಡತಿ ಅಖ್ತರ್‌ಗೆ ಹೊಸ ಹುಚ್ಚು. ಮೇಲಿನ ಎರಡು ಕೋಣೆಗಳನ್ನು ವಿದೇಶಿ ಪ್ರವಾಸಿಗರಿಗೆ ಕೊಡುತ್ತಾಳಂತೆ. ತಾತ್ಕಾಲಿಕ ಪರವಾನಗಿ ಬಂದಿದೆ. ಪ್ರವಾಸೋದ್ಯಮ ಕಚೇರಿಯ ಅಧಿಕಾರಿ ೨೪ನೇ ತಾರೀಖು ಬಂದು ನೋಡಿ ಒಪ್ಪಿದರೆ ಕಾಯಂ ಆಗುತ್ತದೆ. ಗೊತ್ತಿಲ್ಲದವರು ನನ್ನ ಮೆಟ್ಟಿಲು ಹತ್ತುತ್ತಾರೆ, ನನ್ನ ಕೆಮ್ಮು ಕೇಳಿಸಿಕೊಳ್ಳುತ್ತಾರೆ. ಅವಳಿಗೆ ಹೇಳಲಾರೆ, ಇಲ್ಲಿ ಬರೆಯುತ್ತೇನೆ: ಆ ಅಧಿಕಾರಿ ಒಪ್ಪದೆ ಹೋಗಲಿ.

ಮೆಹರ್ ೫, ಸೋಮವಾರ

ಹದಿಮೂರು–ಎಂಟು, ಎಪ್ಪತ್ತೆಂಟು.

ಪ್ರತಿ ಕೋಣೆಯಲ್ಲೂ ದೇಶದ ಬಗ್ಗೆ, ಊರಿನ ಬಗ್ಗೆ ಅತಿಥಿಗಳಿಗೆ ತಿಳಿವಳಿಕೆಯ ಹಾಳೆ ತೂಗುಹಾಕಬೇಕು ಎನ್ನುವುದು ನಿಯಮ. ಅಖ್ತರ್ ಪೆನ್ನು ತಂದು ನನ್ನ ಮುಂದಿಟ್ಟಳು.

"ನೀವು ಬರೀರಿ. ಈ ದೇಶದ ರಸ್ತೆಗಳೆಲ್ಲ ನಿಮಗೆ ಗೊತ್ತು."

"ನನಗೆ ಗೊತ್ತಿರೋದು ಹೆದ್ದಾರಿ. ಪ್ರವಾಸಿಗರು ಹೆದ್ದಾರಿ ನೋಡೋಕೆ ಬರ್ತಾರಾ?"

"ದಿನವಿಡೀ ನಾಡಿ ಎಣಿಸೋದಕ್ಕಿಂತ ಒಳ್ಳೇದು," ಅಂದು ಹೋದಳು. ಅವಳು ಹೋದ ಮೇಲೆ ನಾಡಿ ನೋಡಿದೆ. ಎಂಬತ್ತನಾಲ್ಕು.

ಮೆಹರ್ ೬, ಮಂಗಳವಾರ

ಹದಿಮೂರು–ಎಂಟು, ಎಪ್ಪತ್ತೈದು.

ಹಾಳೆ ಮುಗಿಸಿದೆ. ವಿಸ್ತೀರ್ಣ ಸುಮಾರು ಹದಿನಾರು ಲಕ್ಷ ನಲವತ್ತೆಂಟು ಸಾವಿರ ಚದರ ಕಿಲೋಮೀಟರ್. ರಾಜಧಾನಿ ತೆಹರಾನ್. ಅತಿ ಎತ್ತರದ ಪರ್ವತ ದಮಾವಂದ್. ವಾರದ ರಜೆ ಶುಕ್ರವಾರ. ಭಾಷೆ ಫಾರ್ಸಿ. ಕೊನೆಗೆ ಎರಡು ಸಾಲು ಸ್ವಂತದ್ದು: "ಇಲ್ಲಿನ ಜನ ಸತ್ಯವಂತರು. ಹೇಳಿದಂತೆ ನಡೆಯುತ್ತಾರೆ."

ಅಖ್ತರ್ ಓದಿದಳು. "ಇದೇನು, ಐದನೇ ಕ್ಲಾಸಿನ ಪರೀಕ್ಷೆಯಾ? ದಮಾವಂದ್ ಎಷ್ಟೆತ್ತರ ಅಂತ ತಿಳಿದ್ರೆ ಅವರಿಗೆ ರಸ್ತೆ ದಾಟೋಕೆ ಬರುತ್ತಾ?"

"ರಸ್ತೆ ದಾಟೋದು ಯಾರಿಗೆ ಬರಲ್ಲ?"

"ಇಸ್ಫಹಾನಿನ ರಸ್ತೇನಾ?" ಅಂದಳು.

ಆದರೂ ತೂಗುಹಾಕಿದಳು, ಮೇಲಿನ ಕೋಣೆಗಳಲ್ಲೂ ಕೆಳಗಿನ ಹಜಾರದಲ್ಲೂ. ನನ್ನ ಅಕ್ಷರ ದುಂಡಗಿದೆಯಂತೆ.

ಮೆಹರ್ ೧೧, ಭಾನುವಾರ

ಹದಿಮೂರೂವರೆ–ಎಂಟೂವರೆ, ಎಂಬತ್ತಾರು.

ಬಂದರು. ಹಂಗೇರಿಯ ಇಬ್ಬರು ಹೆಂಗಸರು, ಶಾಲೆಯಲ್ಲಿ ಪಾಠ ಹೇಳುವವರು, ಇಬ್ಬರಿಗೂ ಐವತ್ತರ ಮೇಲೆ. ಮಾರ್ತಾ ಎನ್ನುವವಳು ಮಾತೇ ಆಡುವುದಿಲ್ಲ, ಬಾಗಿಲುಗಳ ಚಿತ್ರ ಬಿಡಿಸುತ್ತಾಳೆ. ಇಲೋನಾ ಎನ್ನುವವಳು ನಮ್ಮ ಭಾಷೆ ಕಲಿತು ಬಂದಿದ್ದಾಳೆ, ಎರಡು ವರ್ಷ, ಪುಸ್ತಕದಿಂದ. ಪರಿಣಾಮ ಹೀಗೆ: ಅಖ್ತರ್ ಚಹಾ ಕೊಟ್ಟರೆ ಅವಳು ಎದ್ದು ನಿಂತು, "ಮಾನ್ಯ ಗೃಹಿಣಿಯೇ, ತಮ್ಮ ಔದಾರ್ಯಕ್ಕೆ ನಾನು ಚಿರಋಣಿಯಾಗಿದ್ದೇನೆ," ಅಂದಳು. ಅಖ್ತರ್ ಅಡುಗೆಮನೆಗೆ ಓಡಿ, ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಕ್ಕಳು.

ಹದಿನೇಳು ದಿನ ಇರುತ್ತಾರಂತೆ. ಹದಿನೇಳು!

ಮೆಹರ್ ೧೪, ಬುಧವಾರ

ಹದಿಮೂರು–ಎಂಟು.

ಹಶ್ಮತ್ ಬಂದಿದ್ದ. ನನ್ನ ಹಳೆಯ ಗೆಳೆಯ, ಟ್ಯಾಕ್ಸಿ ಓಡಿಸುತ್ತಾನೆ. ಬಾಗಿಲಲ್ಲೇ ನಿಂತು ಕೂಗಿದ:

"ಯದುಲ್ಲಾ! ನಿನ್ನ ಮನೆಯ ಅತಿಥಿಗಳನ್ನ ಚೌಕದಿಂದ ಇಲ್ಲಿವರೆಗೆ ಕರ್ಕೊಂಡು ಬಂದೆ ಕಣೋ. ಎಷ್ಟಾಯ್ತು ಅಂದ್ರು. 'ಬಿಡಿ, ನಿಮಗಿಂತ ಹೆಚ್ಚಾ' ಅಂದೆ. ಆ ಎತ್ತರದಾಕೆ ಎದೆ ಮೇಲೆ ಕೈ ಇಟ್ಟು, 'ದೇವರು ತಮ್ಮ ಸಂತತಿಯನ್ನು ಕಾಪಾಡಲಿ' ಅಂತ ಹೇಳಿ ಇಳಿದು ಹೊರಟೇಬಿಟ್ಲು!"

"ನೀನೇ ಬಿಡಿ ಅಂದೆಯಲ್ಲ?"

"ಅಂದೆ! ಎಲ್ಲರೂ ಅಂತಾರೆ! ನಿನ್ನಪ್ಪನೂ ಅಂತಿದ್ದ! ಬಿಡಿ ಅಂದ್ರೆ ಬಿಟ್ಟುಬಿಡಿ ಅಂತಾನಾ?"

ಇಲೋನಾಳನ್ನು ಕರೆದು ಕೇಳಿದೆ. ಅವಳು ಗೋಡೆಯ ಹಾಳೆಯ ಕಡೆ ಬೆರಳು ತೋರಿಸಿದಳು: "ಇಲ್ಲಿನ ಜನ ಸತ್ಯವಂತರು. ಹೇಳಿದಂತೆ ನಡೆಯುತ್ತಾರೆ. ತಾವೇ ಬರೆದದ್ದಲ್ಲವೇ?"

ಹಶ್ಮತ್ ಹಾಳೆ ಓದಿದ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಭುಜ. "ಅಯ್ಯೋ, ಇವನು ಇದನ್ನ ಚಾಲಾಕಿಗೆ ಹೆಸರಾದ ಇಸ್ಫಹಾನಿನಲ್ಲಿ ಕೂತು ಬರೆದಿದಾನಲ್ಲಪ್ಪಾ!" ಅಂತ ಕಣ್ಣೊರೆಸಿಕೊಂಡ. ವಿಷಯ ತಿಳಿದ ಇಲೋನಾ ಮುಖ ಕೆಂಪಗೆ ಮಾಡಿಕೊಂಡು ಬಾಡಿಗೆ ಕೊಡಲು ಹೋದಳು. ಅವನು ಬೇಡವೇ ಬೇಡ ಅಂದ. ಈ ಸಲ ನಿಜವಾಗಿಯೂ ಬೇಡ ಅಂದಿದ್ದ, ಆದರೆ ಅವಳು ಈಗ ನಂಬಲು ತಯಾರಿರಲಿಲ್ಲ. ಅವನನ್ನು ಅಂಗಳದ ಸುತ್ತ ಅಟ್ಟಿಸಿಕೊಂಡು ಹೋಗಿ ಜೇಬಿಗೆ ತುರುಕಿದಳು.

ಮೆಹರ್ ೧೫, ಗುರುವಾರ

ಹೊಸ ಹಾಳೆ ಬರೆದೆ. ಉಪಚಾರದ ಮಾತು ಎಂದರೇನು ಎಂದು ಬರೆಯಲಿಕ್ಕೇ ಇಡೀ ಬೆಳಿಗ್ಗೆ ಹಿಡಿಯಿತು. ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನು ಬರೆದು ತೋರಿಸುವುದು ಸುಲಭವಲ್ಲ. ಕೊನೆಗೆ: "ಏನಾದರೂ ಕೊಟ್ಟರೆ ಮೂರು ಸಲ ಬೇಡ ಅನ್ನಿ. ನಾಲ್ಕನೇ ಸಲವೂ ಕೊಟ್ಟರೆ ಅದು ನಿಜ. ತೆಗೆದುಕೊಳ್ಳಿ."

ಇವತ್ತು ಒಂದೇ ಸಲ ನೋಡಿಕೊಂಡೆ. ಹದಿಮೂರು–ಎಂಟು.

ಮೆಹರ್ ೧೭, ಶನಿವಾರ

ಇಲೋನಾ ರೊಟ್ಟಿ ತರಲು ಹೋಗಿ ಬರಿಗೈಯಲ್ಲಿ ಬಂದಳು. ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತಳಂತೆ. ರೊಟ್ಟಿಯವನು ಕಾದ ಹರಳುಕಲ್ಲಿನ ಮೇಲೆ ಬೇಯಿಸಿದ ಬಿಸಿ ಸಂಗಕ್ ರೊಟ್ಟಿ ಮುಂದೆ ಹಿಡಿದನಂತೆ. ಅವಳು ಮೂರು ಸಲ ಬೇಡ ಅಂದಳಂತೆ. ಅವನು ನಾಲ್ಕನೇ ಸಲ ಕೇಳದೆ ಹಿಂದಿನವನಿಗೆ ಕೊಟ್ಟುಬಿಟ್ಟನಂತೆ.

"ಅಂಗಡಿಯಲ್ಲಿ ಹಾಗಲ್ಲ, ಇಲೋನಾ ಖಾನಮ್!"

"ಹಾಗಾದರೆ ಹಾಳೆಯಲ್ಲಿ ಅದನ್ನು ನಮೂದಿಸಬೇಕಿತ್ತು."

ನಿಜ. ನಮೂದಿಸಿದೆ. ರೊಟ್ಟಿಗೆ ಅಂಟಿರುವ ಹರಳುಕಲ್ಲು ಕಿತ್ತು ತಿನ್ನಬೇಕು ಅಂತಲೂ ಸೇರಿಸಿದೆ, ಯಾಕೆಂದರೆ ಮಾರ್ತಾ ನಿನ್ನೆ ಒಂದನ್ನು ಮರ್ಯಾದೆಗೆ ನುಂಗಿದಳು. ಸಕ್ಕರೆ ಉಂಡೆಯನ್ನು ಚಹಾಕ್ಕೆ ಹಾಕಬೇಡಿ, ಹಲ್ಲಿನ ನಡುವೆ ಹಿಡಿಯಿರಿ. ಹೆಬ್ಬೆರಳು ಎತ್ತಿ ತೋರಿಸಬೇಡಿ, ಹಿರಿಯರು ಕೆಟ್ಟ ಅರ್ಥ ಮಾಡಿಕೊಂಡಾರು. ಹಶ್ಮತ್‌ನ ಟ್ಯಾಕ್ಸಿಯಲ್ಲಿ ಫುಟ್‌ಬಾಲ್ ಬಗ್ಗೆ ಮಾತೆತ್ತಬೇಡಿ, ಅವನು ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮಾತಾಡುತ್ತಾನೆ.

ಮೆಹರ್ ೧೯, ಸೋಮವಾರ

ರಸ್ತೆ ದಾಟುವುದು. ಇದನ್ನು ಬರೆಯಲು ಆಗಲೇ ಇಲ್ಲ. "ಓಡಬೇಡಿ, ನಿಲ್ಲಬೇಡಿ, ಚಾಲಕನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಗತಿಯಲ್ಲಿ ನಡೆಯಿರಿ" ಎಂದು ಬರೆದೆ. ಇಲೋನಾ ಓದಿ ತಲೆ ಅಲ್ಲಾಡಿಸಿದಳು. "ಸಿದ್ಧಾಂತ ಅರ್ಥವಾಯಿತು. ಪ್ರಯೋಗವನ್ನು ದಯಪಾಲಿಸಿ."

ಬಜಾರಿನ ಎದುರಿನ ದೊಡ್ಡ ರಸ್ತೆಗೆ ಕರೆದುಕೊಂಡು ಹೋದೆ. ನಾನು ಮುಂದೆ, ಎಡಕ್ಕೆ ಇಲೋನಾ, ಬಲಕ್ಕೆ ಮಾರ್ತಾ. ಅರ್ಧಕ್ಕೆ ಬಂದಾಗ ಒಂದು ಮೋಟಾರ್‌ಬೈಕ್, ಅದರ ಮೇಲೆ ಮೂವರು ಮನುಷ್ಯರು ಮತ್ತು ಒಂದು ಸುತ್ತಿದ ಜಮಖಾನೆ. ಮಾರ್ತಾ ಕಿರುಚಿದಳು. ಅವಳನ್ನು ಮೂಕಿ ಅಂದುಕೊಂಡಿದ್ದೆ, ಆ ಕಿರುಚಾಟಕ್ಕೆ ಬಸ್ಸೇ ನಿಂತಿತು. ಆ ದಡ ಸೇರಿದ ಮೇಲೆ ಅವಳಿಗೆ ನಗು ಹತ್ತಿತು, ಮತ್ತೆ ದಾಟೋಣ ಅಂದಳು. ಹೀಗೆ ಏಳು ಸಲ ದಾಟಿದೆವು. ಕೊನೆಯ ಸಲ ಅವರಿಬ್ಬರೇ ದಾಟಿದರು, ನಾನು ಈಚೆ ನಿಂತು ಶಿಕ್ಷಕನ ಹಾಗೆ ಕೂಗುತ್ತಿದ್ದೆ: "ಕಣ್ಣು! ಕಣ್ಣು ನೋಡಿ!" ಕ್ವಿನ್ಸ್ ಹಣ್ಣು ಮಾರುವವನು ಚಪ್ಪಾಳೆ ತಟ್ಟಿದ. ಒಂದು ಕಿಲೋ ಕೊಟ್ಟ, ಮೂರು ಸಲ ಬೇಡ ಅಂದೆವು, ನಾಲ್ಕನೇ ಸಲ ತೂಗಿ ದುಡ್ಡು ತೆಗೆದುಕೊಂಡ.

ಅಖ್ತರ್ ಬಾಗಿಲಲ್ಲಿ ಕಾಯುತ್ತಿದ್ದಳು. "ಎಲ್ಲಿಗೆ ಹೋಗಿದ್ರಿ ಮೂರು ಗಂಟೆ ಹೊತ್ತು?"

"ರಸ್ತೆ ದಾಟೋಕೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಊಟಕ್ಕೆ ತಡವಾಯಿತೆಂದು ಸಿಟ್ಟಿರಬೇಕು.

ಮೆಹರ್ ೨೧, ಬುಧವಾರ

ಕಲ್ಲಂಗಡಿ ಆರಿಸುವುದು ಹೇಗೆ ಎಂಬುದಕ್ಕೆ ಅರ್ಧ ಪುಟ. ಈಗ ಒಟ್ಟು ನಾಲ್ಕು ಪುಟವಾಯಿತು. ಇಲೋನಾ ತನಗೊಂದು ಪ್ರತಿ ಬರೆದುಕೊಂಡು ನಮ್ಮ ಫೋನ್ ನಂಬರನ್ನೂ ಸೇರಿಸಿಕೊಂಡಳು. ವರ್ಜಾನೆಯ ಮರಳುದಿಬ್ಬ ನೋಡಬೇಕು ಅಂದರು ಇಬ್ಬರೂ. ಮರುಭೂಮಿಯ ಅಂಚಿನ ಊರು, ನೂರು ಕಿಲೋಮೀಟರ್ ಚಿಲ್ಲರೆ. ಬರೆದೆ: "ವರ್ಜಾನೆಯಿಂದ ಕೊನೆಯ ಬಸ್ಸು ಸಂಜೆ ಐದಕ್ಕೆ." ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನ ವೇಳೆ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಮೆಹರ್ ೨೩, ಶುಕ್ರವಾರ. ವರ್ಜಾನೆಯಲ್ಲಿ ಕೂತು ಬರೆಯುತ್ತಿದ್ದೇನೆ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಇಲ್ಲಿಗೆ ಬಂದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಧಿಕಾರಿ ಬರುತ್ತಾರೆ, ಹಾಗಾಗಿ ಅಖ್ತರ್ ಒಳ್ಳೆಯ ಚಹಾಲೋಟ ಎರವಲು ತರಲು ತಂಗಿಯ ಮನೆಗೆ ಹೋದಳು. ಮೂರೂವರೆಗೆ ಫೋನು ಬಂತು. ಗೊತ್ತಿಲ್ಲದ ಮುದುಕಿಯ ದನಿ.

"ಯದುಲ್ಲಾ ಆಗಾ ನೀವೇನಾ? ನಿಮ್ಮ ಎರಡು ಒಡವೆ ನನ್ನ ಅಂಗಳದಲ್ಲಿವೆ."

"ಏನಾಯ್ತು ಖಾನಮ್? ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾರೆ. ಬಸ್ ಸ್ಟಾಪಿನಲ್ಲಿ ಎರಡು ಕಂಬದ ಹಾಗೆ ನಿಂತಿದ್ರು. ಐದರ ಬಸ್ಸಿಗೆ ಈಗಿಂದಲೇ ಸಾಲಂತೆ. ಶುಕ್ರವಾರ ಸಂಜೆ ಬಸ್ಸು ನಿಂತು ಎರಡು ವರ್ಷ ಆಯ್ತು ಅಂದ್ರೆ, ಹಾಳೆ ತೋರಿಸ್ತಾರೆ. ಹಾಳೆ ಬರೆದೋರಿಗೆ ಬಸ್ಸಿನ ವಿಷಯ ಎಲ್ಲಾ ಗೊತ್ತಂತೆ. ಅದಿರಲಿ, ಊಟ ಮಾಡಿ ಅಂದ್ರೆ ಮೂರು ಸಲ ಬೇಡ ಅಂದು ಈಗ ನನ್ನ ಮುಖ ನೋಡ್ತಾ ಕೂತಿದ್ದಾರೆ. ಏನಾಗಿದೆ ಇವರಿಗೆ?"

"ಇನ್ನೊಂದು ಸಲ ಕೇಳಿ ಖಾನಮ್. ನಾಲ್ಕನೇ ಸಲ ತಿಂತಾರೆ."

ಹಶ್ಮತ್‌ಗೆ ಫೋನು ಮಾಡಿದೆ. ಅವನು ಮಗಳ ಮನೆಗೆ ಹೋಗಿದ್ದಾನೆ. ಬೇರೆ ಟ್ಯಾಕ್ಸಿಯವರು ಶುಕ್ರವಾರ ಅಷ್ಟು ದೂರ ಬರುವುದಿಲ್ಲ ಅಂದರು. ಅತಿಥಿಗಳು ದಾರಿ ತಪ್ಪಿ ಊರಾಚೆ ಉಳಿದದ್ದು ಅಧಿಕಾರಿಗೆ ಗೊತ್ತಾದರೆ ಅಖ್ತರ್‌ಳ ಪರವಾನಗಿ ಮುಗಿದ ಹಾಗೆ. ತಪ್ಪು ಅವಳದಲ್ಲ, ನನ್ನದು. ಇಪ್ಪತ್ತೆಂಟು ವರ್ಷದ ಜಂಬದಲ್ಲಿ ಒಂದು ಫೋನು ಮಾಡಿ ಕೇಳಲಿಲ್ಲ.

ಹೊದಿಕೆ ಎಳೆದು ಹಾಕಿದೆ. ಪೇಕಾನ್ ಮೂರನೇ ಸಲಕ್ಕೆ ಎದ್ದಿತು. ಮೇಜಿನ ಮೇಲೆ ಚೀಟಿ ಇಟ್ಟು, ಏನಾದರೂ ಆದರೆ ಜೊತೆಗಿರಲಿ ಎಂದು ಈ ಪುಸ್ತಕವನ್ನು ಜೇಬಿಗಿಟ್ಟು ಹೊರಟೆ. ಊರು ದಾಟುವವರೆಗೆ ಎರಡೂ ಕೈ ಬಿಗಿಹಿಡಿದಿದ್ದೆ. ಆಮೇಲೆ ರಸ್ತೆ ನೆಟ್ಟಗಾಯಿತು, ಎರಡೂ ಕಡೆ ಬಯಲು ಬಿಚ್ಚಿಕೊಂಡಿತು, ದೂರದಲ್ಲಿ ಪಾರಿವಾಳದ ಗೋಪುರಗಳು. ಕಿಟಕಿ ಇಳಿಸಿದೆ. ಉಪ್ಪು ಬೆರೆತ ಒಣಗಾಳಿ. ಎಷ್ಟು ಹೊತ್ತಾಯಿತೋ ಗೊತ್ತಾಗಲೇ ಇಲ್ಲ, ವರ್ಜಾನೆ ಬಂದೇಬಿಟ್ಟಿತು.

ಇಲ್ಲಿನ ಹೆಂಗಸರು ಬಿಳಿ ಚಾದರ ಹೊದೆಯುತ್ತಾರೆ. ನನಗೆ ಫೋನು ಮಾಡಿದ ಬೀಬಿ ಗೊಹರ್ ಬಾಗಿಲಲ್ಲಿ ಬೆಳ್ಳಗೆ ನಿಂತಿದ್ದಳು. ಒಳಗೆ ನನ್ನ ಇಬ್ಬರು ಅತಿಥಿಗಳೂ ಬಿಳಿ ಚಾದರ ಹೊದ್ದು, ಮೊಣಕೈವರೆಗೆ ಕೆಂಪಾಗಿ, ದಾಳಿಂಬೆ ಬಿಡಿಸುತ್ತಿದ್ದರು. ಮಾರ್ತಾ ಕೆಂಪು ಕೈ ಬೀಸಿದಳು.

"ಇಲೋನಾ ಖಾನಮ್, ಕ್ಷಮಿಸಿ. ತಪ್ಪು ನನ್ನದು," ಅಂದೆ.

ಅವಳು ಎದ್ದು ನಿಂತಳು. "ಮಾನ್ಯ ಯದುಲ್ಲಾ, ನಿಮ್ಮ ಹಾಳೆಯ ತಪ್ಪುಗಳಲ್ಲಿ ಇದು ಅತ್ಯುತ್ತಮವಾದದ್ದು."

ಕೂಡಲೇ ಹೊರಡೋಣ ಅಂದೆ. ಬೀಬಿ ಕಾರಿನ ಕೀಲಿಕೈ ನನ್ನ ಕೈಯಿಂದಲೇ ತೆಗೆದು ಹಿಟ್ಟಿನ ಡಬ್ಬಿಗೆ ಹಾಕಿದಳು.

"ಕತ್ತಲಾಗ್ತಿದೆ. ರಸ್ತೇಲಿ ಒಂಟೆ ಅಡ್ಡ ಬರ್ತಾವೆ. ಆಶ್ ಗಂಜಿ ಕುದೀತಿದೆ. ಬೆಳಿಗ್ಗೆ ಹೋದ್ರಾಯ್ತು."

"ಬೇಡ ಬೀಬಿ, ತೊಂದರೆ ಕೊಡಲ್ಲ."

"ಇದು ಒಂದನೇ ಸಲ," ಅಂದಳು ಇಲೋನಾ, ಗಂಭೀರವಾಗಿ.

ನಾಲ್ಕರವರೆಗೆ ಎಣಿಸುವುದರಲ್ಲಿ ಅರ್ಥವಿರಲಿಲ್ಲ. ಅಖ್ತರ್‌ಗೆ ಫೋನು ಮಾಡಿದೆ.

"ಎಲ್ಲಿದೀರಿ?"

"ವರ್ಜಾನೇಲಿ."

"ಚೀಟಿ ನೋಡಿದೆ. ಯಾರು ಕರ್ಕೊಂಡು ಹೋದ್ರು?"

"ನಾನೇ ಓಡಿಸ್ಕೊಂಡು ಬಂದೆ."

"ಒಂಬತ್ತಕ್ಕೆ ಮೊದಲು ಮನೇಲಿರಿ," ಅಂದಳು. ದನಿ ಗೊಗ್ಗರಾಗಿತ್ತು. ಸಿಟ್ಟು, ಖಂಡಿತ. ಅಧಿಕಾರಿ ಒಪ್ಪದೆ ಹೋದರೆ ಅವಳಿಗೆ ಹೇಗೆ ಮುಖ ತೋರಿಸಲಿ?

ಮೆಹರ್ ೨೪, ಶನಿವಾರ

ಒಂಬತ್ತಕ್ಕೆ ಮೊದಲು ತಲುಪಲಿಲ್ಲ. ಅದಕ್ಕೂ ನಾನೇ ಕಾರಣ. ಬೆಳಗಿನ ಜಾವ ಮಾರ್ತಾ ಮರಳುದಿಬ್ಬದ ಕಡೆ ಕೈ ತೋರಿಸಿದಳು. ಇಲ್ಲಿಯವರೆಗೆ ಬಂದು ಸೂರ್ಯ ಹುಟ್ಟುವುದನ್ನು ನೋಡದೆ ಹೋಗುವುದೇ? ಹತ್ತಿದೆವು. ಒಂದು ಹೆಜ್ಜೆ ಮೇಲೆ, ಅರ್ಧ ಹೆಜ್ಜೆ ಕೆಳಗೆ. ತುದಿಯಲ್ಲಿ ಇಲೋನಾಳ ಶೂ ಒಂದು ಜಾರಿ ಆಚೆ ಬದಿಗೆ ಉರುಳಿತು. ನಾನೇ ಇಳಿದು ತಂದೆ, ಮತ್ತೆ ಹತ್ತಿದೆ. ಮರಳು ಮೊದಲು ನೇರಳೆ, ಆಮೇಲೆ ಗುಲಾಬಿ. ಸೂರ್ಯ ಪೂರ್ತಿ ಮೇಲೇರುವವರೆಗೆ ಮೂವರೂ ಕೂತಿದ್ದೆವು.

ಮನೆ ಸೇರಿದಾಗ ಒಂಬತ್ತೂಕಾಲು. ಅಧಿಕಾರಿ ಸಮ್ಸಾಮಿ ಖಾನಮ್ ಆಗಲೇ ಬಂದು ಕೂತಿದ್ದರು. ಕಪ್ಪು ಕೋಟು, ತೆಳು ತುಟಿ, ತೊಡೆಯ ಮೇಲೆ ಫೈಲು. ನಮ್ಮ ಮೂವರ ಕಾಲುಚೀಲಗಳಿಂದ ಜಮಖಾನೆಯ ಮೇಲೆ ವರ್ಜಾನೆಯ ಮರಳು ಸುರಿಯಿತು.

"ಅತಿಥಿಗಳು ರಾತ್ರಿ ಇಲ್ಲಿರಲಿಲ್ಲ?" ಅಂದರು.

ನಾನು ಬಾಯಿ ತೆರೆದೆ. ಬಸ್ಸಿನ ವೇಳೆ ತಪ್ಪು ಬರೆದಿದ್ದೆ, ಹೋಗಿ ಕರೆದುಕೊಂಡು ಬಂದೆ, ನನ್ನ ಹೆಂಡತಿಯದು ಏನೂ ತಪ್ಪಿಲ್ಲ, ಇಡೀ ಇಸ್ಫಹಾನಿನಲ್ಲಿ ಇವಳಷ್ಟು ಚೊಕ್ಕಟವಾಗಿ ಹಾಸಿಗೆ ಹಾಸುವವರಿಲ್ಲ, ಈ ಮನೆಗೆ ಪರವಾನಗಿ ಕೊಡದಿದ್ದರೆ ನಷ್ಟ ನಮಗಲ್ಲ, ದೇಶಕ್ಕೆ. ಇಷ್ಟನ್ನೂ ನಿಂತಲ್ಲೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಅಖ್ತರ್ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತುಬಿಟ್ಟಿದ್ದಳು.

ಸಮ್ಸಾಮಿ ಖಾನಮ್ ಎದ್ದು ಕಂಬಳಿ ನೋಡಿದರು, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು. ಆಮೇಲೆ ನನ್ನ ಹಾಳೆಗಳ ಮುಂದೆ ನಿಂತರು. ನಾಲ್ಕು ಪುಟವನ್ನೂ ಓದಿದರು. ರೊಟ್ಟಿಯ ಜಾಗಕ್ಕೆ ಬಂದಾಗ ತುಟಿ ಸ್ವಲ್ಪ ಅಲುಗಿತು.

"ಕಲ್ಲಂಗಡಿ ತಟ್ಟಿ ನೋಡೋದು ಬರೆದಿದೀರಿ. ಸಕ್ಕರೆ ಕಚ್ಚೋದು ಬರೆದಿದೀರಿ. ಯಾರೋ ಹಶ್ಮತ್ ಅನ್ನೋರ ಕೈ ಬಗ್ಗೆ ಬರೆದಿದೀರಿ. ಆಂಬುಲೆನ್ಸ್ ನಂಬರ್ ಎಲ್ಲಿದೆ?"

ನಾನು ಹಾಳೆ ನೋಡಿದೆ. ತಿರುಗಿಸಿ ನೋಡಿದೆ. ಇರಲಿಲ್ಲ.

"ನೂರ ಹದಿನೈದು," ಅಂದೆ. ಬೇಸಿಗೆಯಲ್ಲಿ ಅಖ್ತರ್ ನನಗಾಗಿ ಒತ್ತಿದ ನಂಬರು. ಅದು ಹೇಗೆ ಮರೆತೆನೋ ನನಗೇ ತಿಳಿಯದು. "ಬರೆಯೋದು ಬಿಟ್ಟುಹೋಯ್ತು, ಖಾನಮ್. ನೆನಪಾಗಲೇ ಇಲ್ಲ."

ಅಡುಗೆಮನೆಯಲ್ಲಿ ತಟ್ಟೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ನಲ್ಲಿ ಬಿಟ್ಟ ಸದ್ದು, ತುಂಬ ಹೊತ್ತು. ಇಂಥ ಹೊತ್ತಲ್ಲಿ ಅವಳು ಏನು ತೊಳೆಯುತ್ತಿದ್ದಳೋ!

"ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳ, ಮೂರೂ ಬರೀರಿ. ದಪ್ಪ ಅಕ್ಷರದಲ್ಲಿ, ಮೇಲ್ಗಡೆ. ನನ್ನ ಚಹಾ ಮುಗಿಯೋವರೆಗೆ ಸಮಯ ಇದೆ," ಅಂದರು ಸಮ್ಸಾಮಿ ಖಾನಮ್.

ಅಖ್ತರ್ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಅವರಿಗೆ ಚಹಾ ಬಗ್ಗಿಸಿದಳು. ಒಂದಲ್ಲ, ನಾಲ್ಕು ಲೋಟ. ಅವರು ಮೂರು ಸಲ ಬೇಡ ಅಂದರು. ಇಲೋನಾ ಬೆರಳು ಮಡಿಸಿ ಎಣಿಸುತ್ತಿದ್ದಳು.

ಹನ್ನೊಂದಕ್ಕೆ ಸಹಿ ಆಯಿತು.

ಮೆಹರ್ ೨೭, ಮಂಗಳವಾರ

ಮಧ್ಯಾಹ್ನ ಹಶ್ಮತ್ ಹಾರನ್ ಒತ್ತುತ್ತಲೇ ಬೀದಿಗೆ ನುಗ್ಗಿದ. "ನೀರು ಬಿಟ್ರು! ಅಣೆಕಟ್ಟಿಂದ ನೀರು ಬಿಟ್ರು! ಖಾಜೂ ಸೇತುವೆ ಹತ್ರ ಬಂತಂತೆ!"

ಎಂಟು ತಿಂಗಳಿಂದ ಒಣಗಿದ್ದ ನದಿ. ಅಖ್ತರ್ ಒಲೆ ಆರಿಸಿದಳು, ಮಾರ್ತಾ ಕುಂಚವನ್ನು ಕೈಯಲ್ಲೇ ಹಿಡಿದು ಓಡಿದಳು, ಐವರೂ ಒಂದೇ ಟ್ಯಾಕ್ಸಿಯಲ್ಲಿ. ಸೇತುವೆಯ ತುಂಬ ಜನ. ನದಿಯ ಪಾತ್ರದಲ್ಲಿ ಮಕ್ಕಳು, ಮುದುಕರು, ಸೈಕಲ್ಲಿನವರು, ಎಲ್ಲರೂ ನೀರಿನ ಮುಂದೆ ಮುಂದೆ ಓಡಿ ಬರುತ್ತಿದ್ದರು. ಮೊದಲು ಕೆಸರುಬಣ್ಣದ ಒಂದು ನಾಲಗೆ, ಒಣಗಿದ ಬಿರುಕುಗಳಿಗೆ ಇಳಿದು ಗುಳುಗುಳು ಅನ್ನುತ್ತ. ಆಮೇಲೆ ಅಗಲವಾಯಿತು. ಗೊತ್ತಿಲ್ಲದ ಹೆಂಗಸೊಬ್ಬಳು ನಮ್ಮ ಬಾಯಿಗೆ ಸಿಹಿ ತುರುಕಿದಳು, ಬೇಡ ಅನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ಇಲೋನಾ ತನ್ನ ಪುಸ್ತಕದ ಮಾತೆಲ್ಲ ಮರೆತು ಹಂಗೇರಿಯ ಭಾಷೆಯಲ್ಲೇ ಕೂಗುತ್ತಿದ್ದಳು.

ಸೇತುವೆಯ ಕೆಳಗಿನ ಕಮಾನುಗಳಲ್ಲಿ ಗಂಡಸರು ಒಬ್ಬರಾದ ಮೇಲೊಬ್ಬರು ಹಾಡುತ್ತಿದ್ದರು. ಹಶ್ಮತ್ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದ. "ಇವನು ಹಾಡ್ತಾನೆ! ಮಶ್ಹದ್ ರಸ್ತೇಲಿ ಹಿಂದಿನ ಬಸ್ಸಿಗೂ ಕೇಳಿಸ್ತಿತ್ತು ಇವನ ದನಿ!"

ಕಣ್ಣು ಮುಚ್ಚಿ ಹಾಡಿದೆ. ಕಮಾನು ದನಿಯನ್ನು ಎತ್ತಿಕೊಂಡಿತು, ಕೆಳಗೆ ನೀರು ಓಡುತ್ತಿತ್ತು. ಮುಗಿದಾಗ ಜನ ಹೋ ಅಂದರು. ಅಖ್ತರ್ ಹತ್ತಿರ ಬಂದು ನನ್ನ ತೋಳು ಹಿಡಿದಳು.

"ಮೂವತ್ತೊಂದು ವರ್ಷ ಆಯ್ತು ಮದುವೆಯಾಗಿ. ಈ ದನಿ ಎಲ್ಲಿ ಬಚ್ಚಿಟ್ಟಿದ್ರಿ?"

"ಬಸ್ಸಿನಲ್ಲಿ."

"ಪ್ರಯಾಣಿಕರೆಲ್ಲ ಕೇಳಿದಾರೆ, ನಾನು ಕೇಳಿಲ್ಲ!"

"ಅವರೆಲ್ಲ ನಿದ್ದೆ ಮಾಡ್ತಿದ್ರು, ಅಖ್ತರ್."

ಅವಳು ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ, ನೀರಿಗೆ ಒಂದು ಗೇಣು ಮೇಲೆ, ಚಪ್ಪಲಿ ಬಿಟ್ಟು ಕೂತಳು.

"ನಾನು ಎಚ್ಚರವಾಗಿದೀನಿ. ಹಾಡಿ," ಅಂದಳು.